ಬೆರಳಗಲದ ಮುಖಚಿತ್ರ

ಕಂಪ್ಯೂಟರ್ ಗೇಮುಗಳನ್ನು ಮಾರುವ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿಯಲ್ಲಿ ಯಾವುದಾದರೂ ಗೇಮ್ ಹುಡುಕಿದಾಗ ಒಂದರ ಕೆಳಗೊಂದು ಇಳಿದು ಬರುವ ಪಟ್ಟಿಯಲ್ಲಿ ಪ್ರತಿ ಗೇಮಿನ ಚಿತ್ರಕ್ಕೆ ಸಿಗುವ ಜಾಗ 120 ಪಿಕ್ಸೆಲ್ ಅಗಲ, 45 ಪಿಕ್ಸೆಲ್ ಎತ್ತರ. ಸಾಧಾರಣ ಪರದೆಯ ಮೇಲೆ ಅಳೆದು ನೋಡಿದರೆ ಆ ಎತ್ತರ ಒಂದು ಬೆರಳಗಲವನ್ನು ದಾಟುವುದಿಲ್ಲ. ಮೂರೋ ನಾಲ್ಕೋ ವರ್ಷ ಕೂತು ಕಟ್ಟಿದ ಜಗತ್ತು, ಅದರ ಸಂಗೀತ, ಅದರ ಪಾತ್ರಗಳು, ರಾತ್ರಿಯೆಲ್ಲ ಎಚ್ಚರವಿದ್ದು ಸರಿಪಡಿಸಿದ ದೋಷಗಳು, ಇದೆಲ್ಲದರ ಬಗ್ಗೆ ಏನೂ ಗೊತ್ತಿಲ್ಲದ ಆಟಗಾರನ ಕಣ್ಣಿಗೆ ಮೊದಲು ಬೀಳುವುದು ಆ ಪುಟ್ಟ ಕಿಂಡಿ ಮಾತ್ರ.

ಈ ಚಿತ್ರಕ್ಕೆ ಸ್ಟೀಮನ್ನು ನಡೆಸುವ ವಾಲ್ವ್ ಕಂಪನಿ ಇಟ್ಟ ಹೆಸರು ‘ಕ್ಯಾಪ್ಸೂಲ್’. ಗೇಮ್ ಮಾಡುವವರ ಬಾಯಲ್ಲೂ ಅದೇ ಹೆಸರು ನಿಂತಿದೆ. ದೊಡ್ಡ ಕಂಪನಿಗಳಿಗೆ ಟಿವಿ ಜಾಹೀರಾತು, ಹೋರ್ಡಿಂಗು, ಅದೇ ಗೇಮಿನ ಹಿಂದಿನ ಭಾಗಗಳ ಖ್ಯಾತಿ ಎಲ್ಲ ಇವೆ. ಒಬ್ಬರೇ ಅಥವಾ ನಾಲ್ಕೈದು ಜನ ಸೇರಿ ಮಾಡುವ ಇಂಡೀ ಗೇಮಿಗೆ ಬಹುತೇಕ ಈ ಕ್ಯಾಪ್ಸೂಲೇ ಗತಿ. 2017ರ ಜೂನ್‌ನಲ್ಲಿ ‘ಸ್ಟೀಮ್ ಡೈರೆಕ್ಟ್’ ಬಂದ ಮೇಲೆ ಒಂದು ಗೇಮಿಗೆ 100 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಅಲ್ಲಿ ಅಂಗಡಿ ತೆರೆಯಬಹುದು. ಬಾಗಿಲು ತೆರೆದದ್ದು ಒಳ್ಳೆಯದೇ ಆಯಿತು. ಆದರೆ 2024ರ ಒಂದೇ ವರ್ಷದಲ್ಲಿ ಸ್ಟೀಮ್‌ಗೆ ಬಂದ ಹೊಸ ಗೇಮುಗಳು 18 ಸಾವಿರಕ್ಕೂ ಹೆಚ್ಚು. ದಿನಕ್ಕೆ ಐವತ್ತರ ಹತ್ತಿರ. ಅಷ್ಟರ ನಡುವೆ ಆಟಗಾರನ ಬೆರಳು ಮೌಸಿನ ಚಕ್ರ ತಿರುಗಿಸುತ್ತಲೇ ಇರುತ್ತದೆ. ಅದು ಒಂದು ಗಳಿಗೆ ನಿಲ್ಲಬೇಕು, ಒತ್ತಬೇಕು. ಕ್ಯಾಪ್ಸೂಲಿನ ಕೆಲಸ ಅಷ್ಟೇ: ಪುಟ ತೆರೆಸುವುದು. ಕೊಳ್ಳುವಂತೆ ಒಪ್ಪಿಸುವ ಕೆಲಸ ಅಲ್ಲಿಂದಾಚೆ ಟ್ರೇಲರಿನದು, ಸ್ಕ್ರೀನ್‌ಶಾಟುಗಳದು, ಬೆಲೆಯದು.

ಇಷ್ಟು ಮುಖ್ಯವಾದ ಕೆಲಸವನ್ನು ಬಹಳಷ್ಟು ಮಂದಿ ಕೊನೆಯ ವಾರಕ್ಕೆ ಉಳಿಸಿಕೊಳ್ಳುತ್ತಾರೆ. ಗೇಮಿನೊಳಗಿನ ಒಂದು ಚೆಂದದ ದೃಶ್ಯವನ್ನು ತೆಗೆದು, ಮೇಲೊಂದು ಉಚಿತ ಫಾಂಟಿನಲ್ಲಿ ಹೆಸರು ಬರೆದು ಏರಿಸಿಬಿಡುತ್ತಾರೆ. ಮುಖಚಿತ್ರವೆಂದರೆ ಗೇಮಿನ ಫೋಟೋ ಎಂಬ ನಂಬಿಕೆ ಇದರ ಹಿಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಮುಖಚಿತ್ರ ಒಬ್ಬ ನಿರ್ದಿಷ್ಟ ಆಟಗಾರನನ್ನು ಗುರುತು ಹಿಡಿದು ‘ಇದು ನಿನಗಾಗಿ’ ಎಂದು ಕರೆಯುವ ದನಿ. ಯಾರನ್ನು ಕರೆಯುತ್ತಿದ್ದೇವೆ ಎನ್ನುವುದು ತಿಳಿಯದೆ ಕುಂಚ ಎತ್ತಿದರೆ ಎಷ್ಟು ಸೊಗಸಾಗಿ ಬರೆದರೂ ಪ್ರಯೋಜನವಿಲ್ಲ.

ಹಿಂದೆ ಈ ಕಷ್ಟ ಬೇರೆ ಬಗೆಯದಾಗಿತ್ತು. 1977ರಲ್ಲಿ ಅಟಾರಿಯ ಮನೆಬಳಕೆಯ ಯಂತ್ರ ಬಂದಾಗ ಪರದೆಯ ಮೇಲೆ ಕಾಣುತ್ತಿದ್ದುದು ಕೆಲವು ಚೌಕಗಳು, ಗೆರೆಗಳು. ಗೇಮ್ ಮಾರಾಟಕ್ಕೆ ಬರುತ್ತಿದ್ದ ಡಬ್ಬಿಯ ಮೇಲಾದರೋ ಕ್ಲಿಫ್ ಸ್ಪೋನ್‌ರಂಥ ಕಲಾವಿದರು ಬರೆದ ತುಂಬು ವರ್ಣಚಿತ್ರಗಳು. 1980ರ ‘ಅಡ್ವೆಂಚರ್’ ಗೇಮಿನಲ್ಲಿ ಆಟಗಾರನೆಂದರೆ ಒಂದು ಚೌಕ, ಅಷ್ಟೇ. ಡ್ರ್ಯಾಗನ್ ನೋಡಲು ಬಾತುಕೋಳಿಯಂತಿತ್ತು. ಅದರ ಡಬ್ಬಿಗೆ ಸೂಸನ್ ಜೇಕಲ್ ಬರೆದುಕೊಟ್ಟದ್ದು ಒಂದು ಇಡೀ ಪುರಾಣಲೋಕವನ್ನು. ಅದನ್ನು ಮೋಸ ಎನ್ನಲಾಗದು. ಯಂತ್ರಕ್ಕೆ ತೋರಿಸಲು ಬಾರದ್ದನ್ನು ಮನಸ್ಸಿನಲ್ಲಿ ತುಂಬಿಕೊಳ್ಳಲು ಆ ಚಿತ್ರ ಆಟಗಾರನಿಗೆ ನೆರವಾಗುತ್ತಿತ್ತು. ಆಡುವಾಗ ಡಬ್ಬಿ ಪಕ್ಕದಲ್ಲೇ ಇರುತ್ತಿತ್ತು.

ಮುಖಚಿತ್ರ ಹೇಗಿರಬೇಕೆಂದು ಕೇಳುವವರಿಗೆ ನಾನು ಮೊದಲು ತೋರಿಸುವುದು 1993ರ ‘ಡೂಮ್’ ಅನ್ನು. ಅದನ್ನು ಮಾಡಿದ ಐಡಿ ಸಾಫ್ಟ್‌ವೇರ್ ಆಗ ಅಮೆರಿಕದ ಟೆಕ್ಸಸ್‌ನ ಒಂದು ಚಿಕ್ಕ ಗುಂಪು. ಚಿತ್ರ ಬರೆದವರು, ಹೆಸರಿನ ಅಕ್ಷರಗಳನ್ನು ರೂಪಿಸಿದವರು ಡಾನ್ ಐವನ್ ಪಂಚಾಟ್ಸ್. ಭಂಗಿಗೆ ನಿಲ್ಲಲು ಒಬ್ಬ ರೂಪದರ್ಶಿಯನ್ನು ಕರೆಸಿದ್ದರು. ಅವನು ಕೊಟ್ಟ ಭಂಗಿಗಳು ಗೇಮಿನ ವಿನ್ಯಾಸಕಾರರಲ್ಲಿ ಒಬ್ಬರಾದ ಜಾನ್ ರೊಮೆರೊಗೆ ಹಿಡಿಸಲಿಲ್ಲ. ಯೋಧನ ಮೇಲೆ ನಾಲ್ಕೂ ಕಡೆಯಿಂದ ರಾಕ್ಷಸರು ಮುಗಿಬೀಳುತ್ತಿರಬೇಕು, ಅವನು ಗುಂಡು ಹಾರಿಸುತ್ತಿರಬೇಕು ಎಂದು ಎಷ್ಟು ಹೇಳಿದರೂ ಅದು ಬರಲಿಲ್ಲ. ಕೊನೆಗೆ ರೊಮೆರೊ ಅಂಗಿ ಕಳಚಿ ತಾವೇ ಬಂದೂಕು ಹಿಡಿದು ನಿಂತರು. ರೂಪದರ್ಶಿಗೆ ರಾಕ್ಷಸನಾಗಿ ತಮ್ಮ ಕೈ ಹಿಡಿದೆಳೆಯಲು ಹೇಳಿದರು. ಈ ಸಂಗತಿಯನ್ನು ರೊಮೆರೊ ಅವರೇ ಬರೆದುಕೊಂಡಿದ್ದಾರೆ. ಆ ಹಟದಲ್ಲೊಂದು ಪಾಠವಿದೆ. ಡೂಮ್ ಆಡುವವನು ಎರಡು ಗಂಟೆ ಕಾಲ ಏನು ಮಾಡುತ್ತಾನೋ ಅದನ್ನೇ ಚಿತ್ರ ಒಂದು ನೋಟದಲ್ಲಿ ಹೇಳುತ್ತದೆ: ಒಬ್ಬನೇ, ಎತ್ತರದಲ್ಲಿ, ಸುತ್ತ ಮುತ್ತಿಗೆ, ಕೈಯಲ್ಲಿ ಬಂದೂಕು. ಕಥೆ ಹೇಳಲು ಹೋಗಿಲ್ಲ, ಎಲ್ಲ ಆಯುಧಗಳನ್ನೂ ತೋರಿಸಲು ಹೋಗಿಲ್ಲ. ಆಟದ ಕ್ರಿಯೆಯನ್ನು ಹಿಡಿದಿದೆ.

ಇದಕ್ಕೆ ತದ್ವಿರುದ್ಧವಾದದ್ದು ಕ್ಯಾಪ್‌ಕಾಮ್‌ನ ‘ಮೆಗಾ ಮ್ಯಾನ್’. 1987ರಲ್ಲಿ ಜಪಾನಿನಲ್ಲಿ ಬಂದ ಈ ಗೇಮಿನ ನಾಯಕ ಪುಟಾಣಿ ನೀಲಿ ರೋಬೋ ಹುಡುಗ. ಅವನ ಕೈಯೇ ತೋಪು. ಅಮೆರಿಕದ ಡಬ್ಬಿಯ ಮೇಲೆ ಬಂದವನು ಹಳದಿ-ನೀಲಿ ಉಡುಪಿನ, ಸೊಟ್ಟಗೆ ನಿಂತ ನಡುವಯಸ್ಸಿನವನು, ಕೈಯಲ್ಲೊಂದು ಪಿಸ್ತೂಲು. ಆ ಚಿತ್ರದ ಅಪಖ್ಯಾತಿ ಎಷ್ಟೆಂದರೆ 2012ರಲ್ಲಿ ಕ್ಯಾಪ್‌ಕಾಮ್ ತಾನೇ ‘ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್’ನಲ್ಲಿ ಆ ಮನುಷ್ಯನನ್ನು ಒಂದು ಪಾತ್ರವಾಗಿ ತಂದಿತು.

‘ಈಕೊ’ದ ಪ್ರಕರಣ ಇದಕ್ಕಿಂತ ನೋವಿನದು, ಹೆಚ್ಚು ಯೋಚಿಸಬೇಕಾದದ್ದು. ಫುಮಿತೊ ಉಯೆದಾ ನಿರ್ದೇಶಿಸಿದ ಈ ಗೇಮ್ 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ಕೊಂಬಿರುವ ಹುಡುಗನೊಬ್ಬ, ತನಗೆ ಗೊತ್ತಿಲ್ಲದ ಭಾಷೆಯಾಡುವ ಹುಡುಗಿಯ ಕೈ ಹಿಡಿದು ದೊಡ್ಡ ಪಾಳು ಕೋಟೆಯಿಂದ ಪಾರಾಗುವುದೇ ಆಟ. ಜಪಾನ್ ಮತ್ತು ಯುರೋಪಿನ ಮುಖಚಿತ್ರವನ್ನು ಉಯೆದಾ ತಾವೇ ಬರೆದರು. ಇಟಲಿಯ ಚಿತ್ರಕಾರ ಜಾರ್ಜೊ ದೆ ಕಿರಿಕೊ ಅವರ ಒಂದು ವರ್ಣಚಿತ್ರ ಅದಕ್ಕೆ ಪ್ರೇರಣೆ. ಇಳಿಬಿಸಿಲು, ಕಮಾನುಗಳು, ಉದ್ದುದ್ದ ನೆರಳು, ಆ ಬಯಲಿನಲ್ಲಿ ಕೈ ಕೈ ಹಿಡಿದು ಓಡುವ ಎರಡು ಚಿಕ್ಕ ಆಕೃತಿಗಳು. ಆ ಚಿತ್ರ ಅಮೆರಿಕದ ಬಿಡುಗಡೆಯ ಹೊತ್ತಿಗೆ ಸಿದ್ಧವಾಗಿರಲಿಲ್ಲ. ಅಲ್ಲಿನ ಡಬ್ಬಿಗೆ ಹುಡುಗನ ಮುಖವನ್ನು ದೊಡ್ಡದಾಗಿಟ್ಟು ಕಂಪ್ಯೂಟರಿನಲ್ಲಿ ಮಾಡಿದ ಸಪ್ಪೆ ಚಿತ್ರವೊಂದನ್ನು ಹಾಕಿದರು. ವಿಮರ್ಶಕರು ಕೊಂಡಾಡಿದ ಗೇಮ್ ಅಮೆರಿಕದಲ್ಲಿ ಹೆಚ್ಚು ಬಿಕರಿಯಾಗಲಿಲ್ಲ. ಸೋನಿಯ ಜಪಾನ್ ಸ್ಟುಡಿಯೋದ ಉಪಾಧ್ಯಕ್ಷರಾಗಿದ್ದ ಯಸುಹಿದೆ ಕೊಬಯಾಶಿ ಇದಕ್ಕೆ ಆ ಮುಖಚಿತ್ರವೂ, ಅರ್ಥವಾಗದ ಹೆಸರೂ ಕಾರಣವೆಂದು ಭಾವಿಸಿದ್ದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ‘ಕಲೆ ಗೆದ್ದಿತು, ವ್ಯಾಪಾರ ಸೋತಿತು’ ಎನ್ನುವುದು ರೂಢಿ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ: ಉಯೆದಾರ ಆ ಚಿತ್ರವನ್ನೇ 45 ಪಿಕ್ಸೆಲ್ ಎತ್ತರಕ್ಕೆ ಇಳಿಸಿದರೆ? ಓಡುವ ಮಕ್ಕಳಿಬ್ಬರೂ ಚುಕ್ಕೆಗಳಾಗಿ ಮಾಯವಾಗುತ್ತಾರೆ. ಉಳಿಯುವುದು ಹಳದಿ ಬೆಳಕು ಮತ್ತು ಕಪ್ಪು ನೆರಳಿನ ದೊಡ್ಡ ದೊಡ್ಡ ತುಂಡುಗಳು. ಒಂಟಿತನದ ಭಾವ ಅಷ್ಟರಲ್ಲೂ ಉಳಿಯುತ್ತದೆ, ಅದು ಆ ರಚನೆಯ ಶಕ್ತಿ. ಆದರೆ ಇದು ಒಗಟು ಬಿಡಿಸುವ ಆಟವೋ, ಯುದ್ಧದ ಆಟವೋ ತಿಳಿಯುವುದಿಲ್ಲ. ಆ ಮಕ್ಕಳಿಬ್ಬರ ಹಿಡಿದ ಕೈಗಳೇ ಗೇಮಿನ ಜೀವ. ಇಂದಿನ ಅಂಗಡಿಗೆ ಅದೇ ಚಿತ್ರವನ್ನು ಹೊಂದಿಸಬೇಕಾದರೆ ಕಮಾನಿನ ನೆರಳನ್ನು ಉಳಿಸಿಕೊಂಡು ಆ ಕೈಗಳನ್ನು ಹತ್ತಿರಕ್ಕೆ ತರಬೇಕಾಗುತ್ತದೆ. ಡಬ್ಬಿಗೆ ಬರೆದ ಚಿತ್ರವೂ ಪಟ್ಟಿಗೆ ಬರೆಯುವ ಚಿತ್ರವೂ ಒಂದೇ ಅಲ್ಲ.

ಆಟದ ಜಾತಿ ಮೊದಲ ನೋಟಕ್ಕೇ ತಿಳಿಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಮೆಜೆಸ್ಟಿಕ್ ನಿಲ್ದಾಣದಲ್ಲಿ ನಿಂತವರು ಬಸ್ಸಿನ ಬೋರ್ಡು ಓದುತ್ತಾರೆಯೇ ಹೊರತು ಬಸ್ಸಿನ ಬಣ್ಣ ಮೆಚ್ಚುತ್ತ ನಿಲ್ಲುವುದಿಲ್ಲ. ಗೇಮ್ ಆಡುವವರೂ ತಮ್ಮ ರುಚಿ ಬಲ್ಲವರು. ಕೃಷಿ ಆಟ ಇಷ್ಟಪಡುವವರು ಹಸಿರು, ತಿಳಿ ಆಕಾಶ, ಬೆಚ್ಚನೆಯ ಬಣ್ಣಗಳಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ಯ ನೆಂಟರನ್ನು ಹುಡುಕುತ್ತಿರುತ್ತಾರೆ. ದಟ್ಟ ಮಸಿ ಗೆರೆ, ಕಣ್ಣು ಮುಚ್ಚುವ ನೆರಳು, ಅಲ್ಲಲ್ಲಿ ಕೆಂಪು ಕಂಡರೆ ‘ಡಾರ್ಕೆಸ್ಟ್ ಡಂಜನ್’ ಆಡಿದವರ ಕಿವಿ ನೆಟ್ಟಗಾಗುತ್ತದೆ. 1930ರ ದಶಕದ ಕಾರ್ಟೂನುಗಳಂತೆ ಕೈಯಲ್ಲೇ ಬರೆದ ‘ಕಪ್‌ಹೆಡ್’ ತನ್ನ ಮುಖದಲ್ಲೇ ತಾನು ಏನೆಂದು ಹೇಳಿಬಿಡುತ್ತದೆ. ‘ಎಲ್ಲರಿಗಿಂತ ಭಿನ್ನವಾಗಿರಬೇಕು’ ಎಂಬ ಹುಮ್ಮಸ್ಸಿನಲ್ಲಿ ಈ ಗುರುತುಗಳನ್ನೆಲ್ಲ ಬಿಟ್ಟುಬಿಡುವ ಗೆಳೆಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ತಮ್ಮ ಗೇಮನ್ನು ಅತಿ ಹೆಚ್ಚು ಪ್ರೀತಿಸಬಹುದಾಗಿದ್ದ ಜನವೇ ಅದನ್ನು ದಾಟಿಕೊಂಡು ಹೋಗುತ್ತಾರೆ.

ಗುರುತನ್ನು ಒಪ್ಪಿಕೊಂಡೂ ಭಿನ್ನವಾಗಬಹುದು. ‘ಲೋಕಲ್‌ಥಂಕ್’ ಎಂಬ ಹೆಸರಿನ ಹಿಂದೆ ಅಜ್ಞಾತವಾಗಿಯೇ ಉಳಿದ ಕೆನಡಾದ ಒಬ್ಬರು ಮಾಡಿದ ‘ಬಲಾಟ್ರೊ’ 2024ರ ಫೆಬ್ರವರಿಯಲ್ಲಿ ಬಂದು 2025ರ ಜನವರಿಯ ಹೊತ್ತಿಗೆ 50 ಲಕ್ಷ ಪ್ರತಿ ಮಾರಾಟವಾಯಿತು. ಪೋಕರಿನ ಇಸ್ಪೀಟೆಲೆ, ದಪ್ಪ ಪಿಕ್ಸೆಲ್ ಅಕ್ಷರದ ಹೆಸರು. ಇದು ಎಲೆಯಾಟ ಎಂಬುದು ತಕ್ಷಣ ಗೊತ್ತಾಗುತ್ತದೆ. ಆದರೆ ಹಿಂದೆ ಕೆಂಪು-ನೀಲಿಗಳು ಸುಳಿಯಾಗಿ ಕಲೆಸಿಕೊಂಡಿವೆ. ಕ್ಯಾಸಿನೊದ ಹಸಿರು ಮೇಜಿನ ಬದಲು ಆ ಸುಳಿ ಕಂಡಾಗ, ಇಲ್ಲಿ ನಿಯಮಗಳು ತಲೆಕೆಳಗಾಗಿವೆ ಎಂಬ ಅನುಮಾನ ಹುಟ್ಟುತ್ತದೆ. ಗೇಮೂ ಹಾಗೆಯೇ ಇದೆ. ಆ ಗೇಮು ಗೆದ್ದದ್ದು ಮುಖಚಿತ್ರದಿಂದಲೇ ಎಂದು ಹೇಳಲಾರೆ; ಅದು ಅದ್ಭುತ ಗೇಮು. ಮುಖಚಿತ್ರ ಅದಕ್ಕೆ ಅಡ್ಡಿಯಾಗಲಿಲ್ಲ, ಅದನ್ನು ಸರಿಯಾದವರ ಬಳಿಗೆ ಕರೆದೊಯ್ದಿತು.

ಈಗ ಕೆಲಸದ ಮಾತು. ಚಿಕ್ಕದರಿಂದ ಶುರು ಮಾಡಿ. ದೊಡ್ಡ ಚಿತ್ರ ಬರೆದು ಆಮೇಲೆ ಕುಗ್ಗಿಸಿದರೆ ವಿವರಗಳೆಲ್ಲ ಗಂಜಿಯಾಗುತ್ತವೆ. ಅಂಚೆಚೀಟಿ ಗಾತ್ರದ ಹತ್ತಾರು ಪೆನ್ಸಿಲ್ ಕರಡುಗಳನ್ನು ಮೊದಲು ಮಾಡಿ, ಅಷ್ಟು ಚಿಕ್ಕದರಲ್ಲೂ ಯಾವುದು ಓದಲು ಬರುತ್ತದೋ ಅದನ್ನು ಮಾತ್ರ ಬೆಳೆಸಬೇಕು. ಬಣ್ಣ ತೆಗೆದು ಬರೀ ಕಪ್ಪು-ಬಿಳುಪಿನಲ್ಲಿ ನೋಡಿದಾಗ ನಾಯಕನ ಆಕೃತಿ ಹಿನ್ನೆಲೆಯಿಂದ ಬೇರ್ಪಟ್ಟು ನಿಲ್ಲುತ್ತದೆಯೇ? ಇಲ್ಲವಾದರೆ ಎಂಥ ಬಣ್ಣ ಹಚ್ಚಿದರೂ ನಿಲ್ಲುವುದಿಲ್ಲ. ‘ಹಾಲೋ ನೈಟ್’ನ ಕೊಂಬಿನ ಬಿಳಿ ಮುಖವಾಡವನ್ನು ನೆನೆದುಕೊಳ್ಳಿ: ಕತ್ತಲೆಯ ಮೇಲೆ ಒಂದು ಬಿಳಿ ಆಕಾರ, ಎರಡು ಕಪ್ಪು ಕಣ್ಣು. ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಮಾಡಿದ ಆ ಆಕಾರವನ್ನು ಉಗುರಿನಷ್ಟಕ್ಕೆ ಇಳಿಸಿದರೂ ಗುರುತಿಸಬಹುದು. ಇನ್ನೊಂದು ಸೂಕ್ಷ್ಮ. ಸ್ಟೀಮಿನ ಪುಟವೇ ಕಡು ನೀಲಿ. ರಾತ್ರಿಯ ನೀಲಿಯಲ್ಲಿ ಬರೆದ ಮುಖಚಿತ್ರ ಅಂಚು ಕಳೆದುಕೊಂಡು ಪುಟದಲ್ಲೇ ಮುಳುಗುತ್ತದೆ. ಆಕೃತಿಯ ಹಿಂದೆ ಒಂದು ಬೆಳಕು, ಅಂಚಿಗೊಂದು ಬೆಚ್ಚನೆಯ ಬಣ್ಣ ಬಿದ್ದರೆ ಅದೇ ಚಿತ್ರ ಮೇಲೇಳುತ್ತದೆ.

ಒಂದು ಚಿತ್ರದಲ್ಲಿ ಒಬ್ಬರೇ ಮುಖ್ಯರಾಗಬೇಕು. ಗೇಮಿನಲ್ಲಿ ಎಂಟು ಪಾತ್ರಗಳಿದ್ದರೆ ಎಂಟನ್ನೂ ತುರುಕುವ ಆಸೆ ಸಹಜ, ಪ್ರತಿಯೊಂದನ್ನೂ ಸಾಕಿ ಬೆಳೆಸಿದವರಿಗೆ ಯಾರನ್ನು ಬಿಡಲೂ ಮನಸ್ಸು ಬಾರದು. ಬಿಡಲೇಬೇಕು.

ಹೆಸರು ಚಿತ್ರದಷ್ಟೇ ದೊಡ್ಡ ವಿಷಯ. ಅತಿ ಚಿಕ್ಕ ಕ್ಯಾಪ್ಸೂಲಿನಲ್ಲಿ ಹೆಸರೇ ಹೆಚ್ಚು ಕಡಿಮೆ ಪೂರ್ತಿ ಜಾಗವನ್ನು ತುಂಬಬೇಕೆಂದು ವಾಲ್ವ್ ತನ್ನ ಸೂಚನೆಗಳಲ್ಲೇ ಹೇಳುತ್ತದೆ. ಅಲ್ಲಿ ಚಿತ್ರ ಬರೀ ಬಣ್ಣವಾಗಿ, ಹಿನ್ನೆಲೆಯಾಗಿ ಉಳಿದರೂ ಸಾಕು. ಕನ್ನಡದಲ್ಲೇ ಹೆಸರಿಟ್ಟು ಗೇಮ್ ಮಾಡಲು ಹೊರಟವರಿಗೆ ಇಲ್ಲೊಂದು ಬೇರೆಯದೇ ಲೆಕ್ಕವಿದೆ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ತುಂಬಿ ಕೂರುತ್ತವೆ, ಸಿಕ್ಕ ಎತ್ತರವನ್ನೆಲ್ಲ ಬಳಸಿಕೊಳ್ಳುತ್ತವೆ. ನಮ್ಮ ಲಿಪಿಗೆ ಮೂರು ಅಂತಸ್ತು: ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ‘ಶಕ್ತಿ’ ಎಂದು ಬರೆದರೆ 45 ಪಿಕ್ಸೆಲ್ಲಿನಲ್ಲಿ ಮೈಗೆ ಉಳಿಯುವುದು ಅರ್ಧದಷ್ಟೋ ಏನೋ. ‘ಕಾಡು’, ‘ಮಳೆ’ಯಂಥ ಒತ್ತಿಲ್ಲದ ಚಿಕ್ಕ ಹೆಸರು ಅದೇ ಜಾಗದಲ್ಲಿ ಎಷ್ಟೋ ದೊಡ್ಡದಾಗಿ ನಿಲ್ಲುತ್ತದೆ. ಜೊತೆಗೆ ನಮ್ಮ ಅಕ್ಷರಗಳ ದುಂಡು ಹೊಟ್ಟೆಗಳು ಚಿಕ್ಕದಾದಾಗ ತುಂಬಿಕೊಂಡು ಕಪ್ಪು ಮುದ್ದೆಯಾಗುತ್ತವೆ. ಸಿದ್ಧ ಫಾಂಟನ್ನು ದಪ್ಪ ಮಾಡಿದರೆ ಈ ತೊಂದರೆ ಇನ್ನೂ ಹೆಚ್ಚು. ಒಳಗಿನ ಖಾಲಿ ಜಾಗವನ್ನು ಅಗಲಿಸಿ ಕೈಯಲ್ಲೇ ಅಕ್ಷರ ಬರೆಸುವುದು ಒಳ್ಳೆಯದು. ಕನ್ನಡ ಪುಸ್ತಕಗಳ ಮುಖಪುಟಕ್ಕೆ, ಸಿನಿಮಾ ಪೋಸ್ಟರಿಗೆ ಶೀರ್ಷಿಕೆ ಬರೆಯುವ ಕೈಗಳು ನಮ್ಮಲ್ಲಿವೆ. ಗೇಮ್ ಮಾಡುವ ನಮ್ಮ ಹುಡುಗ ಹುಡುಗಿಯರು ಆ ಬಾಗಿಲು ತಟ್ಟಬೇಕೆಂಬುದು ನನ್ನ ದೊಡ್ಡ ಆಸೆ.

ನಿಯಮಗಳೂ ಇವೆ. 2022ರ ಸೆಪ್ಟೆಂಬರ್ 1ರಿಂದ ಸ್ಟೀಮಿನ ಕ್ಯಾಪ್ಸೂಲಿನಲ್ಲಿ ಇರಬೇಕಾದ್ದು ಗೇಮಿನ ಚಿತ್ರ, ಅದರ ಹೆಸರು, ಅಧಿಕೃತ ಉಪಶೀರ್ಷಿಕೆ ಮಾತ್ರ. ವಿಮರ್ಶಕರು ಕೊಟ್ಟ ಅಂಕ, ಪ್ರಶಸ್ತಿಯ ಪದಕ, ರಿಯಾಯಿತಿಯ ಘೋಷಣೆ ಯಾವುದನ್ನೂ ಅಂಟಿಸುವಂತಿಲ್ಲ. ಹೊಸ ಅಪ್‌ಡೇಟ್ ಬಂದಾಗ ಅದನ್ನು ಸಾರುವ ಚಿತ್ರವನ್ನು ತಾತ್ಕಾಲಿಕವಾಗಿ ಹಾಕಬಹುದು. ಈ ನಿಯಮ ಬಂದಾಗ ಗೊಣಗಿದವರಿದ್ದರು. ನನಗಂತೂ ಇದು ಚಿಕ್ಕವರ ಪರವಾದ ನಿಯಮವಾಗಿಯೇ ಕಾಣುತ್ತದೆ. ಪದಕಗಳ ಸಾಲು ಹೊತ್ತು ಬರುವವರ ಎದುರು ಯಾವ ಪದಕವೂ ಇಲ್ಲದ ಮೊದಲ ಗೇಮು ಈಗ ಚಿತ್ರದ ಬಲದ ಮೇಲೆ ನಿಲ್ಲಬಹುದು.

ಒಂದೇ ಚಿತ್ರವನ್ನು ಎಲ್ಲ ಅಳತೆಗೂ ಕತ್ತರಿಸಿ ಮುಗಿಸುವ ಹಾಗಿಲ್ಲ. ಆಟಗಾರನ ಸಂಗ್ರಹದಲ್ಲಿ ಕಾಣುವ ಚಿತ್ರ 600 ಅಗಲ, 900 ಎತ್ತರದ ನಿಂತ ಆಯತ. ಅದೇ ಸಂಗ್ರಹದ ಪುಟದ ತಲೆಯ ಮೇಲೆ ಹಾಸುವ ಪಟ್ಟಿ 3840 ಅಗಲ, 1240 ಎತ್ತರ. ಅದರಲ್ಲಿ ಅಕ್ಷರವೇ ಇರಕೂಡದು. ಇಚ್.ಐಒ ತಾಣದಲ್ಲಿ ಮಾರುವವರಿಗೆ 630ಕ್ಕೆ 500ರ ಅಳತೆ ಒಳ್ಳೆಯದು. ಆಂಡ್ರಾಯ್ಡ್ ಅಂಗಡಿಯಲ್ಲಿ 512ರ ಚೌಕ ಐಕಾನ್. ಕಲಾವಿದರು ಪಾತ್ರ, ಹಿನ್ನೆಲೆ, ಹೆಸರು ಮೂರನ್ನೂ ಬೇರೆ ಬೇರೆ ಪದರಗಳಲ್ಲಿ ಕೊಟ್ಟರೆ ಪ್ರತಿ ಅಳತೆಗೂ ಮತ್ತೆ ಜೋಡಿಸಬಹುದು. ಈ ಮಾತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಚಿತ್ರವನ್ನು ಜಾಹೀರಾತಿಗೆ, ಟೀಶರ್ಟಿಗೆ ಬಳಸುವ ಹಕ್ಕಿನ ಮಾತೂ ಅಲ್ಲೇ ಇತ್ಯರ್ಥವಾಗಲಿ, ಕಲಾವಿದರ ಹೆಸರು ಗೇಮಿನಲ್ಲಿ ಬರುವುದೂ ಸೇರಿದಂತೆ.

ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದನ್ನು ಎಲ್ಲಿ ಹಾಕಬೇಕು ಎಂದು ಕೇಳಿದರೆ ನನ್ನ ಉತ್ತರ ಇದೇ: ಈ ಚಿತ್ರಕ್ಕೆ, ಇದನ್ನೇ ಕಸುಬಾಗಿ ಬಲ್ಲ ಕಲಾವಿದರಿಗೆ. ಗೇಮಿನೊಳಗಿನ ಚಿತ್ರ ಬರೆಯುವುದಕ್ಕೂ ಮುಖಚಿತ್ರ ಬರೆಯುವುದಕ್ಕೂ ಬೇಕಾದ ಕೌಶಲ ಬೇರೆ. ಅವರ ಕೈಗೆ ಕೆಲಸ ಕೊಡುವಾಗ ನೂರು ಪುಟದ ಕಥೆ ಕೊಡಬೇಡಿ. ಆಟಗಾರ ಈ ಗೇಮಿನಲ್ಲಿ ಹೆಚ್ಚು ಹೊತ್ತು ಏನು ಮಾಡುತ್ತಾನೆ, ಆಡುವಾಗ ಅವನಿಗೆ ಏನನ್ನಿಸಬೇಕು, ಇದನ್ನು ಇಷ್ಟಪಡುವವರು ಈಗಾಗಲೇ ಇಷ್ಟಪಟ್ಟಿರುವ ಮೂರು ಗೇಮುಗಳು ಯಾವುವು, ಇಷ್ಟು ಹೇಳಿ. ಯಂತ್ರಕ್ಕೆ ನಾಲ್ಕು ಪದ ಕೊಟ್ಟು ಚಿತ್ರ ತೆಗೆಯುವ ಅಗ್ಗದ ದಾರಿ ಈಗಿದೆ. 2024ರ ಜನವರಿಯಿಂದ ಕೃತಕ ಬುದ್ಧಿಮತ್ತೆಯ ಬಳಕೆಯನ್ನು ಸ್ಟೀಮ್‌ಗೆ ತಿಳಿಸಬೇಕು, ಅದು ಗೇಮಿನ ಪುಟದಲ್ಲಿ ಕೊಳ್ಳುವವರಿಗೂ ಕಾಣುತ್ತದೆ. ಮುಖದಲ್ಲೇ ಯಾರ ಕೈಯೂ ಕಾಣದ ಗೇಮಿನ ಒಳಗೆ ಯಾರೋ ಮನಸ್ಸಿಟ್ಟು ದುಡಿದಿದ್ದಾರೆಂದು ಆಟಗಾರ ಏಕೆ ನಂಬಬೇಕು?

ನಂಬಿಕೆಯ ವಿಷಯ ಬಂದಾಗ ಇನ್ನೊಂದು ಅಪಾಯವನ್ನು ಹೇಳಲೇಬೇಕು. ನಿಧಾನ ನಡೆಯ, ಓದಿ ಅನುಭವಿಸುವ ಗೇಮಿಗೆ ಕತ್ತಿ, ಬೆಂಕಿ, ಸ್ಫೋಟದ ಮುಖಚಿತ್ರ ಹಾಕಿದರೆ ಪುಟ ತೆರೆಯುವವರು ಹೆಚ್ಚಬಹುದು. ಕೊಂಡವರಿಗೆ ಬೇಕಾದ್ದು ಒಳಗಿರುವುದಿಲ್ಲ. ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. 2015ರಿಂದ ಈ ವ್ಯವಸ್ಥೆ ಇದೆ. ಹಣ ಹಿಂದೆ ಹೋಗುವುದಲ್ಲದೆ, ಸಿಟ್ಟಿನ ವಿಮರ್ಶೆ ಪುಟದಲ್ಲಿ ಉಳಿಯುತ್ತದೆ. ಅದೇ ಪುಟಕ್ಕೆ ಬಂದ, ನಿಧಾನದ ಆಟವನ್ನೇ ಬಯಸುವ ಇನ್ನೊಬ್ಬರು ಆ ವಿಮರ್ಶೆ ಓದಿ ಹಿಂದೆ ಸರಿಯುತ್ತಾರೆ.

ಚಿತ್ರ ಸಿದ್ಧವಾದ ಮೇಲೆ ಮನೆಯವರಿಗೆ ತೋರಿಸಿ ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ನಿಮ್ಮ ಜಾತಿಯ ಗೇಮುಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಅದರಲ್ಲಿ ನಿಮ್ಮ ಕ್ಯಾಪ್ಸೂಲನ್ನು ಒಂದು ಕಡೆ ಕೂರಿಸಿ, ಗೇಮ್ ಆಡುವ ಅಪರಿಚಿತರಿಗೆ ಒಂದೆರಡು ಕ್ಷಣ ತೋರಿಸಿ ಮುಚ್ಚಿಬಿಡಿ. ಯಾವುದು ನೆನಪಿದೆ, ಅದು ಎಂಥ ಆಟವಿರಬಹುದು, ಹೆಸರೇನು ಎಂದು ಕೇಳಿ. ಆಟದ ಬಗೆಯನ್ನು ತಪ್ಪಾಗಿ ಹೇಳಿದರೆ ವಾದ ಮಾಡದೆ ಮತ್ತೆ ಕರಡಿಗೆ ಹೋಗಿ.

ಬಿಡುಗಡೆಯಾದ ಮೇಲೂ ಚಿತ್ರ ಬದಲಿಸಲು ಅಡ್ಡಿಯಿಲ್ಲ. ಆಂಡ್ರಾಯ್ಡ್ ಅಂಗಡಿಯಲ್ಲಿ ಎರಡು ಚಿತ್ರಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವ ಅನುಕೂಲವನ್ನು ಗೂಗಲ್ ಕೊಟ್ಟಿದೆ. ಸ್ಟೀಮಿನಲ್ಲಿ ಅಂಥದ್ದಿಲ್ಲ, ಆದರೆ ಕ್ಯಾಪ್ಸೂಲ್ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಗೇಮ್ ಮಾಡಿದವರಿಗೆ ಸಿಗುತ್ತದೆ. ಹಳೆಯ ಚಿತ್ರವಿದ್ದ ಕೆಲವು ವಾರಗಳನ್ನು ಹೊಸದಿದ್ದ ಕೆಲವು ವಾರಗಳ ಪಕ್ಕದಲ್ಲಿಟ್ಟು ನೋಡಿ. ಆ ನಡುವೆ ಬೆಲೆ ಇಳಿಸಬೇಡಿ, ಯಾವ ಉತ್ಸವಕ್ಕೂ ಸೇರಬೇಡಿ, ಟ್ರೇಲರನ್ನೂ ಮುಟ್ಟಬೇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಜನ ಬಂದದ್ದು ಯಾವುದನ್ನು ನೋಡಿ ಎಂದು ಹೇಳಲಾಗುವುದಿಲ್ಲ.